ಫೈಬರ್ ಲೈನಿನಲ್ಲಿ ಡೇಟಾ-ಫ್ಯಾಕ್ಸ್ ಮೋಡೆಮ್: ಮೊದಲ ಪುಟ ಹೋಗುತ್ತದೆ, ಎರಡನೆಯದಕ್ಕೆ ಕರೆ ಕಡಿಯುತ್ತದೆ

ಪ್ರಶ್ನೆ: ಪೀಣ್ಯ_ಟೂಲ್‌ರೂಮ್

ಎಲ್ಲರಿಗೂ ನಮಸ್ಕಾರ. ನಮ್ಮ ಘಟಕದಿಂದ ಜಪಾನಿನ ಖರೀದಿದಾರರಿಗೆ ಆರ್ಡರ್ ದೃಢೀಕರಣ ಮತ್ತು ಡ್ರಾಯಿಂಗ್‌ಗಳು ಫ್ಯಾಕ್ಸ್‌ನಲ್ಲೇ ಹೋಗಬೇಕು, ಅವರ ಕಡೆಯ ಪದ್ಧತಿ ಹಾಗಿದೆ. ಹಳೆಯ ತಾಮ್ರದ ಲೈನ್ ತೆಗೆದು ಫೈಬರ್ ಹಾಕಿಸಿದ್ದೇವೆ. ಫೋನ್ ಈಗ ಓಎನ್‌ಟಿ (ಫೈಬರ್ ಬಂದು ಸೇರುವ) ಪೆಟ್ಟಿಗೆಯ ಹಿಂದಿರುವ ಫೋನ್ ಪೋರ್ಟ್‌ನಿಂದ ಬರುತ್ತದೆ. ಅದಕ್ಕೆ ಯುಎಸ್‌ಬಿ 56ಕೆ ಡೇಟಾ-ಫ್ಯಾಕ್ಸ್ ಮೋಡೆಮ್ ಜೋಡಿಸಿ, ವಿಂಡೋಸ್ 11 ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಫ್ಯಾಕ್ಸ್ ಆ್ಯಂಡ್ ಸ್ಕ್ಯಾನ್ ಬಳಸುತ್ತಿದ್ದೇವೆ.

ತೊಂದರೆ ಮೂರು. ಕೆಲವು ಸಲ ಡಯಲ್ ಟೋನ್ ಇಲ್ಲ ಎನ್ನುತ್ತದೆ, ಆದರೆ ಅದೇ ತಂತಿಗೆ ಫೋನ್ ಹಾಕಿದರೆ ಟೋನ್ ಸ್ಪಷ್ಟವಾಗಿದೆ. ಡಯಲ್ ಆದಾಗ ಒಂದು ಪುಟದ ಫ್ಯಾಕ್ಸ್ ಹೋಗುತ್ತದೆ, ಮೂರು ಪುಟದ್ದಾದರೆ ಮೊದಲನೆಯದು ಮುಗಿದ ಮೇಲೆ ಕರೆ ಕಡಿಯುತ್ತದೆ. ಇನ್ನೊಂದು, ಇದೇ ಮೋಡೆಮ್‌ನಿಂದ ಊರಾಚೆಯ ಶೆಡ್‌ನಲ್ಲಿ ರೀಡಿಂಗ್ ದಾಖಲಿಸುವ ಡೇಟಾ ಲಾಗರ್‌ಗೂ ಡಯಲ್ ಮಾಡಬೇಕು. ಅಲ್ಲಿ ಇನ್ನೂ ತಾಮ್ರದ ಲೈನ್ ಇದೆ. ಸೆಕೆಂಡಿಗೆ 31200 ಬಿಟ್ ವೇಗಕ್ಕೆ ಕನೆಕ್ಟ್ ಆಗುತ್ತದೆ, ಸ್ವಲ್ಪ ಹೊತ್ತಿನಲ್ಲೇ ನೋ ಕ್ಯಾರಿಯರ್, ಅಂದರೆ ಆ ಕಡೆಯ ಮೋಡೆಮ್‌ನ ಸದ್ದು ಹೋಯಿತು ಎಂದು ಬರುತ್ತದೆ. ಮೋಡೆಮ್ ಬದಲಿಸಬೇಕೇ, ಸೆಟ್ಟಿಂಗ್‌ನಲ್ಲೇ ಸರಿಹೋಗುತ್ತದೆಯೇ?

ಉತ್ತರ 1: ಎಟಿ_ಓಕೆ

ಮೋಡೆಮ್ ಈಗಲೇ ಬದಲಿಸಬೇಡಿ ಸರ್. ಮೊದಲು ಕಂಪ್ಯೂಟರಿಗೂ ಮೋಡೆಮಿಗೂ ಮಾತು ಸರಿಯಿದೆಯೇ ನೋಡಿ, ಆಮೇಲೆ ಮೋಡೆಮಿಗೂ ಲೈನಿಗೂ, ಕೊನೆಗೆ ಆ ಕಡೆಯ ಯಂತ್ರ. ಈ ಕ್ರಮ ತಪ್ಪಿದರೆ ಎಲ್ಲೆಲ್ಲೋ ಹುಡುಕುತ್ತಾ ಕೂರಬೇಕಾಗುತ್ತದೆ.

ಡಿವೈಸ್ ಮ್ಯಾನೇಜರ್‌ನಲ್ಲಿ ಮೋಡೆಮ್ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಡಯಾಗ್ನಾಸ್ಟಿಕ್ಸ್, ಕ್ವೆರಿ ಮೋಡೆಮ್. ಸಾಲುಸಾಲಾಗಿ ಉತ್ತರ ಬಂದರೆ ಡ್ರೈವರ್ ಸರಿಯಿದೆ. ಯಾವ ಕಾಮ್ ಪೋರ್ಟ್ ಎಂಬುದನ್ನೂ ಅಲ್ಲೇ ಗುರುತು ಹಾಕಿಕೊಳ್ಳಿ. ಆಮೇಲೆ ಪುಟ್ಟಿಯಂಥ ಟರ್ಮಿನಲ್‌ನಲ್ಲಿ ಆ ಪೋರ್ಟ್ ತೆರೆಯಿರಿ: 115200, 8 ಡೇಟಾ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಪೋರ್ಟ್ ತೆರೆಯದಿದ್ದರೆ ವಿಂಡೋಸ್‌ನ ಫ್ಯಾಕ್ಸ್ ಸರ್ವಿಸ್ ಅದನ್ನು ಹಿಡಿದುಕೊಂಡಿರುತ್ತದೆ. ಒಳಬರುವ ಫ್ಯಾಕ್ಸ್ ತಾನಾಗಿ ತೆಗೆದುಕೊಳ್ಳುವಂತೆ ಇಟ್ಟಿದ್ದರೆ ಹೀಗಾಗುವುದು ಸಹಜ. ಸರ್ವಿಸಸ್‌ಗೆ ಹೋಗಿ ಅದನ್ನು ನಿಲ್ಲಿಸಿ ಮತ್ತೆ ನೋಡಿ.

ಕಮಾಂಡ್‌ಗಳನ್ನು ಕನ್ನಡದಲ್ಲಿ ಬರೆದಿದ್ದೇನೆ, ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಎಟಿ ಎಂದು ಎಂಟರ್ ಒತ್ತಿದರೆ ಓಕೆ ಬರಬೇಕು. ಎಟಿ&ಎಫ್ ಕೊಟ್ಟರೆ ಕಾರ್ಖಾನೆಯ ಸೆಟ್ಟಿಂಗ್‌ಗೆ ಮರಳುತ್ತದೆ. ಎಟಿ+ಎಫ್‌ಕ್ಲಾಸ್=? ಎಂದು ಕೇಳಿದರೆ ಬರುವ ಅಂಕಿಗಳಲ್ಲಿ 0 ಅಂದರೆ ಡೇಟಾ, 1 ಮತ್ತು 2 ಫ್ಯಾಕ್ಸ್, 8 ಧ್ವನಿ. 1 ಇಲ್ಲವೇ 2 ಇಲ್ಲದಿದ್ದರೆ ಅದು ಫ್ಯಾಕ್ಸ್ ಮೋಡೆಮೇ ಅಲ್ಲ.

ಡಯಲ್ ಟೋನ್ ವಿಷಯ. ಮೋಡೆಮ್ ಟೋನ್ ಗುರುತಿಸುವುದು ಕಂಪನಾಂಕದಿಂದ. ಅಮೆರಿಕದ ಟೋನ್ 350 ಮತ್ತು 440 ಹರ್ಟ್ಸ್ ಕೂಡಿದ್ದು, ನಮ್ಮದು 400 ಹರ್ಟ್ಸ್‌ಗೆ 25 ಹರ್ಟ್ಸ್ ಏರಿಳಿತ ಸೇರಿಸಿದ್ದು. ಮೋಡೆಮ್‌ನ ದೇಶ ಅಮೆರಿಕ ಎಂದಿದ್ದರೆ ನಮ್ಮ ಟೋನ್ ಅದಕ್ಕೆ ಒಮ್ಮೊಮ್ಮೆ ಹಿಡಿಸುತ್ತದೆ, ಒಮ್ಮೊಮ್ಮೆ ಇಲ್ಲ. ಎಟಿ+ಜಿಸಿಐ? ಎಂದು ಕೇಳಿ. ಬಿ5 ಬಂದರೆ ಅಮೆರಿಕ. ಎಟಿ+ಜಿಸಿಐ=53 ಕೊಟ್ಟರೆ ಭಾರತ. ಈ ಕಮಾಂಡ್ ಎಲ್ಲ ಚಿಪ್‌ಗಳಲ್ಲೂ ಇರುವುದಿಲ್ಲ. ಎರರ್ ಬಂದರೆ ಮೋಡೆಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್‌ನಲ್ಲಿ ಎಕ್ಸ್‌ಟ್ರಾ ಇನಿಷಿಯಲೈಸೇಷನ್ ಕಮಾಂಡ್ಸ್ ಜಾಗಕ್ಕೆ ಎಟಿಎಕ್ಸ್3 ಹಾಕಿ. ಆಗ ಟೋನ್‌ಗೆ ಕಾಯದೆ ಡಯಲ್ ಮಾಡುತ್ತದೆ, ಬ್ಯುಸಿ ಟೋನ್ ಮಾತ್ರ ಗುರುತಿಸುತ್ತದೆ. ನಂಬರಿನ ಮುಂದೆ ಒಂದು ಅಲ್ಪವಿರಾಮ ಸೇರಿಸಿ. ಒಂದು ಅಲ್ಪವಿರಾಮಕ್ಕೆ ಎಸ್8 ರಿಜಿಸ್ಟರ್‌ನಲ್ಲಿ ಎಷ್ಟಿದೆಯೋ ಅಷ್ಟು ವಿರಾಮ, ಮಾಮೂಲಾಗಿ 2 ಸೆಕೆಂಡ್.

ತಂತಿಯನ್ನೂ ನೋಡಿ. ಓಎನ್‌ಟಿಯಿಂದ ಬರುವ ಆರ್‌ಜೆ11 ಮೋಡೆಮ್‌ನ ಲೈನ್ ಎಂದು ಬರೆದ ತೂತಿಗೇ ಹೋಗಬೇಕು, ಫೋನ್ ಎಂದಿರುವುದಕ್ಕಲ್ಲ. ಸ್ಪ್ಲಿಟರ್ ಹಾಕಿ ಪಕ್ಕದಲ್ಲಿ ಇನ್ನೊಂದು ಫೋನ್ ಜೋಡಿಸಿದ್ದರೆ ಪರೀಕ್ಷೆ ಮುಗಿಯುವವರೆಗೆ ತೆಗೆದಿಡಿ.

ಉತ್ತರ 2: ಜಿ711_ಎಲಾ

ಮೇಲಿನವರು ಹೇಳಿದ್ದು ಡಯಲ್ ಟೋನ್‌ಗೆ ಸರಿಯಾದ ಮದ್ದು. ಎರಡನೇ ಪುಟದ ಸಮಸ್ಯೆ ಬೇರೆ, ಅದರ ಮೂಲ ಓಎನ್‌ಟಿಯ ಆಚೆ ಇದೆ.

ಫೈಬರ್ ಫೋನ್ ಅಂದರೆ ಇಂಟರ್ನೆಟ್ ಫೋನ್. ಧ್ವನಿಯನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಂಡುಗಳಾಗಿ ಮಾಡಿ ಪ್ಯಾಕೆಟ್‌ನಲ್ಲಿ ಕಳಿಸುತ್ತಾರೆ. ಒಂದು ಪ್ಯಾಕೆಟ್ ಕಳೆದರೆ ಮಾತಿನಲ್ಲಿ ಕಿವಿಗೆ ಗೊತ್ತೇ ಆಗುವುದಿಲ್ಲ. ಫ್ಯಾಕ್ಸ್ 14400 ವೇಗದಲ್ಲಿದ್ದಾಗ ಅದೇ 20 ಮಿಲಿಸೆಕೆಂಡ್ ಅಂದರೆ 288 ಬಿಟ್ ಮಾಯ. ಸಾಲದ್ದಕ್ಕೆ, ಪ್ಯಾಕೆಟ್‌ಗಳು ಹಿಂದೆಮುಂದೆ ಬಂದಾಗ ಸರಿಮಾಡುವ ಜಿಟರ್ ಬಫರ್ ಕರೆಯ ನಡುವೆಯೇ ಹಿಗ್ಗಿ ಕುಗ್ಗುತ್ತದೆ. ಆ ಕ್ಷಣದಲ್ಲಿ ಮೋಡೆಮ್‌ಗಳ ತಾಳ ತಪ್ಪುತ್ತದೆ. ಪುಟ ಉದ್ದವಾದಷ್ಟೂ ಇದು ಎದುರಾಗುವ ಸಂಭವ ಹೆಚ್ಚು.

ಫೋನ್ ಕಂಪನಿಗೆ ದೂರು ಕೊಡುವಾಗ ಫ್ಯಾಕ್ಸ್ ಹೋಗುತ್ತಿಲ್ಲ ಎಂದಷ್ಟೇ ಹೇಳಿದರೆ ಓಎನ್‌ಟಿ ಆಫ್ ಮಾಡಿ ಆನ್ ಮಾಡಿ ಎನ್ನುತ್ತಾರೆ. ಕೇಳಬೇಕಾದ್ದು ಇವು: ಧ್ವನಿ ಕೋಡೆಕ್‌ನಲ್ಲಿ (ಧ್ವನಿಯನ್ನು ಅಂಕಿಗಳಾಗಿಸುವ ವಿಧಾನ) ಜಿ.711 ಎ-ಲಾ ಮೊದಲ ಆಯ್ಕೆಯಾಗಿರಲಿ. ಜಿ.729 ಇದ್ದರೆ ಫ್ಯಾಕ್ಸ್ ಆಗುವುದೇ ಇಲ್ಲ, ಅದು ಮನುಷ್ಯರ ಮಾತಿಗೆಂದೇ ಹಿಂಡಿದ ಕೋಡೆಕ್. ಮೌನವಿದ್ದಾಗ ಪ್ಯಾಕೆಟ್ ಕಳಿಸುವುದನ್ನು ನಿಲ್ಲಿಸುವ ಸೈಲೆನ್ಸ್ ಸಪ್ರೆಷನ್ ಆಫ್ ಇರಲಿ. ಜಿಟರ್ ಬಫರ್ ಸ್ಥಿರವಾಗಿರಲಿ. ಎರಡೂ ಕಡೆಯ ಗೇಟ್‌ವೇ (ಫೋನ್ ಮತ್ತು ಇಂಟರ್ನೆಟ್ ನಡುವಿನ ಯಂತ್ರ) ಒಪ್ಪುವುದಾದರೆ ಟಿ.38 ಆನ್ ಆಗಲಿ. ಟಿ.38 ಇದ್ದರೆ ಓಎನ್‌ಟಿಯೇ ಫ್ಯಾಕ್ಸ್ ಸದ್ದನ್ನು ಬಿಡಿಸಿ ಮಾಹಿತಿಯನ್ನಷ್ಟೇ ಪ್ಯಾಕೆಟ್‌ನಲ್ಲಿ ಕಳಿಸುತ್ತದೆ. ಕಾಲ್ ವೇಟಿಂಗ್ ಸೌಲಭ್ಯವನ್ನೂ ತೆಗೆಸಿ, ಅದರ ಒಂದು ಬೀಪ್ ಸಾಕು ಕರೆ ಕೆಡಲು.

ಅಷ್ಟರಲ್ಲಿ ನಿಮ್ಮ ಕಡೆ ಒಂದು ಕೆಲಸ ಮಾಡಿ. ಕ್ಲಾಸ್ 2 (ಎಫ್‌ಕ್ಲಾಸ್‌ನ 2, ಫ್ಯಾಕ್ಸ್ ಮಾತುಕತೆಯನ್ನು ಮೋಡೆಮೇ ನಡೆಸುವ ವಿಧಾನ) ಆಯ್ಕೆಯಿರುವ ಫ್ಯಾಕ್ಸ್ ತಂತ್ರಾಂಶದಲ್ಲಿ ಲಾಗ್ ಆನ್ ಮಾಡಿ ಮೂರು ಪುಟ ಕಳಿಸಿ. ಕರೆ ಕಡಿದಾಗ +ಎಫ್‌ಎಚ್‌ಎನ್‌ಜಿ ಎಂಬ ಸಾಲಿನ ಮುಂದೆ ಒಂದು ಅಂಕಿ ಬರುತ್ತದೆ. ಅದನ್ನು ಇಲ್ಲಿ ಹಾಕಿ.

ಪೀಣ್ಯ_ಟೂಲ್‌ರೂಮ್

ಧನ್ಯವಾದಗಳು ಸರ್. ದೇಶದ ಕೋಡ್ ಬಿ5 ಎಂದೇ ಇತ್ತು, 53 ಮಾಡಿದ ಮೇಲೆ ಡಯಲ್ ಟೋನ್ ದೂರು ಬಂದಿಲ್ಲ. ಎಫ್‌ಕ್ಲಾಸ್ ಕೇಳಿದರೆ 0,1,2,8 ಬರುತ್ತದೆ. ಲಾಗ್‌ನಲ್ಲಿ ಕೊನೆಯ ಅಂಕಿ 52. ಕಳಿಸುತ್ತಿರುವುದು ಡ್ರಾಯಿಂಗ್‌ನ ಪಿಡಿಎಫ್, ಫೈನ್ ರೆಸಲ್ಯೂಷನ್.

ಉತ್ತರ 3: ಜಿ711_ಎಲಾ

52 ಅಂದರೆ ಎಂಪಿಎಸ್ ಸಂದೇಶವನ್ನು ಮೂರು ಸಲ ಕಳಿಸಿದರೂ ಆ ಕಡೆಯಿಂದ ಉತ್ತರವಿಲ್ಲ ಎಂದು. ಫ್ಯಾಕ್ಸ್‌ನಲ್ಲಿ ಪುಟದ ಚಿತ್ರ ಹೋಗುವುದು ವೇಗದ ಮಾಡ್ಯುಲೇಷನ್‌ನಲ್ಲಿ, ಅಂದರೆ ವಿ.17ರಲ್ಲಿ 14400ರವರೆಗೆ. ಮಾತುಕತೆ ನಡೆಯುವುದು ಮಾತ್ರ ವಿ.21ರ 300 ಬಿಟ್ ವೇಗದಲ್ಲಿ. ಪುಟ ಮುಗಿದ ಕೂಡಲೇ ನಿಮ್ಮ ಮೋಡೆಮ್ 300ಕ್ಕೆ ಇಳಿದು, ಇನ್ನೊಂದು ಪುಟ ಇದೆ ಎಂದು ಹೇಳುತ್ತದೆ. ಅದೇ ಎಂಪಿಎಸ್. ಪುಟದ ಕೊನೆಯನ್ನು ತಿಳಿಸುವ ಗುರುತು ಪ್ಯಾಕೆಟ್ ಜೊತೆ ಕಳೆದುಹೋದರೆ, ಆ ಕಡೆಯ ಯಂತ್ರ ಇನ್ನೂ ಚಿತ್ರ ಬರುತ್ತಿದೆ ಎಂದುಕೊಂಡು ವೇಗದ ಕಿವಿಯಲ್ಲೇ ಕೂತಿರುತ್ತದೆ, 300ರ ಮಾತು ಅದಕ್ಕೆ ಕೇಳಿಸುವುದೇ ಇಲ್ಲ. ನಿಮ್ಮ ಪುಟ ಉದ್ದ, ಹಾಗಾಗಿ ಅಷ್ಟು ಹೊತ್ತಿಗೆ ಬಫರ್ ಅಲುಗಾಡಿರುತ್ತದೆ. ನನಗೆ ಕಾಣುವ ಕಾರಣ ಇದೇ.

ಬೇರೆ ಅಂಕಿ ಬಂದಿದ್ದರೆ ದಾರಿಯೂ ಬೇರೆ. 25 ಅಥವಾ 27 ಬಂದರೆ ಪುಟ ಶುರುವಾಗುವ ಮೊದಲೇ, ವೇಗ ಹೊಂದಿಸಿಕೊಳ್ಳುವ ಹಂತದಲ್ಲೇ ಸೋತಿದೆ, ಕೋಡೆಕ್ ನೋಡಿ. 43 ಬಂದರೆ ಲೈನಿನದ್ದಲ್ಲ, ಕಂಪ್ಯೂಟರ್ ಸಮಯಕ್ಕೆ ಸರಿಯಾಗಿ ಮಾಹಿತಿ ಕೊಡುತ್ತಿಲ್ಲ, ಯುಎಸ್‌ಬಿ ಹಬ್ ತೆಗೆದು ನೇರ ಜೋಡಿಸಿ.

ನಿಮಗೆ ಮದ್ದು: ವೇಗ 9600ಕ್ಕೆ ಇಳಿಸಿ, ಪುಟ ಚಿಕ್ಕದು ಮಾಡಿ. ತಂತ್ರಾಂಶದಲ್ಲಿ ಗರಿಷ್ಠ ವೇಗದ ಆಯ್ಕೆಯಿದ್ದರೆ ಅಲ್ಲಿ ಬದಲಿಸಿ. ಇಲ್ಲದಿದ್ದರೆ ಕ್ಲಾಸ್ 2ರಲ್ಲಿ ಎಟಿ+ಎಫ್‌ಡಿಸಿಸಿ=1,3,0,2,0,0,0,0 ಕೊಡಬಹುದು. ಮೊದಲ 1 ಫೈನ್ ರೆಸಲ್ಯೂಷನ್, ಎರಡನೆಯ 3 ಅಂದರೆ 9600, ಆರನೆಯ 0 ಅಂದರೆ ತಪ್ಪು ತಿದ್ದುವ ಇಸಿಎಂ ಇಲ್ಲ (ಅದನ್ನು ಯಾವಾಗ ಆಫ್ ಮಾಡಬೇಕು ಎಂಬುದು ಕೆಳಗಿದೆ). ಕೆಲವು ತಂತ್ರಾಂಶಗಳು ಇದನ್ನು ತಮ್ಮದೇ ಸಾಲಿನಿಂದ ಅಳಿಸಿಬಿಡುತ್ತವೆ, ಲಾಗ್‌ನಲ್ಲಿ ಕೊನೆಗೆ ಹೋದ ಎಫ್‌ಡಿಸಿಸಿ ಅಥವಾ ಎಫ್‌ಡಿಐಎಸ್ ಸಾಲು ಯಾವುದು ಎಂದು ನೋಡಿಯೇ ನಂಬಿ.

ಇಸಿಎಂ ಬಗ್ಗೆ ಆತುರ ಬೇಡ. ಅದು ಹಾಳಾದ ಚೌಕಟ್ಟುಗಳನ್ನು ಮತ್ತೆ ಕಳಿಸುತ್ತದೆ, ಆದ್ದರಿಂದ ಡ್ರಾಯಿಂಗ್‌ನ ಅಂಕಿಗಳು ಅಳಿಸದೆ ಹೋಗುತ್ತವೆ. ನಷ್ಟ ಹೆಚ್ಚಿದ್ದರೆ ಮಾತ್ರ ಕಳಿಸಿದ್ದನ್ನೇ ಕಳಿಸುತ್ತಾ ಕರೆ ಮುಗಿಯುವುದೇ ಇಲ್ಲ. ಮೊದಲು 9600 ಮತ್ತು ಇಸಿಎಂ ಆನ್, ಆಗದಿದ್ದರೆ ಇಸಿಎಂ ಆಫ್. ಆಫ್ ಮಾಡಿದರೆ ಎಂಎಂಆರ್ ಎಂಬ ಒಳ್ಳೆಯ ಸಂಕೋಚನವೂ ಸಿಗುವುದಿಲ್ಲ, ಪುಟ ಇನ್ನಷ್ಟು ಉದ್ದವಾಗುತ್ತದೆ. ಟಾಲರೆನ್ಸ್ ಬರೆದಿರುವ ಡ್ರಾಯಿಂಗ್‌ಗೆ ಇಸಿಎಂ ಇಲ್ಲದ ಫ್ಯಾಕ್ಸ್ ನಂಬಬೇಡಿ. ಒಂದು ಸಾಲು ಹಾಳಾದರೂ 3 ಹೋಗಿ 8 ಆಗಬಹುದು.

ಇನ್ನು ಪಿಡಿಎಫ್. ಫೈನ್ ಪುಟದಲ್ಲಿ ಒಂದು ಸಾಲಿಗೆ 1728 ಚುಕ್ಕಿ, ಎ4ಗೆ ಸುಮಾರು 2290 ಸಾಲು. ಸಂಕೋಚನ ಇಲ್ಲದಿದ್ದರೆ ಸುಮಾರು 40 ಲಕ್ಷ ಬಿಟ್, 9600ರಲ್ಲಿ ಏಳು ನಿಮಿಷ. ಖಾಲಿ ಬಿಳಿ ಜಾಗ ಹೆಚ್ಚಿದ್ದರೆ ಇದು ಎಷ್ಟೋ ಪಟ್ಟು ಕುಗ್ಗುತ್ತದೆ. ಆದರೆ ಕಂಪನಿ ಲೋಗೋದ ಬೂದು ಬಣ್ಣ, ಭಾಗಗಳ ಮೇಲಿನ ಶೇಡಿಂಗ್, ಬಣ್ಣದ ಟೇಬಲ್ ಹಿನ್ನೆಲೆ, ಇವೆಲ್ಲ ಫ್ಯಾಕ್ಸ್‌ಗೆ ಬಂದಾಗ ಚುಕ್ಕಿಚುಕ್ಕಿಯಾಗುತ್ತವೆ. ಕಪ್ಪು, ಬಿಳಿ, ಕಪ್ಪು, ಬಿಳಿ ಎಂದು ಬದಲಾಗುತ್ತಲೇ ಇದ್ದರೆ ಸಂಕೋಚನ ಸೋಲುತ್ತದೆ, ಕೆಲವೊಮ್ಮೆ ಮೂಲಕ್ಕಿಂತ ದೊಡ್ಡದೇ ಆಗುತ್ತದೆ. ಕ್ಯಾಡ್‌ನಿಂದಲೇ ಎಲ್ಲ ಗೆರೆ ಕಪ್ಪಾಗಿ, ಶೇಡಿಂಗ್ ಇಲ್ಲದೆ ಪ್ರಿಂಟ್ ಕೊಡಿ. ತೆಳು ಗೆರೆ 0.25 ಮಿಲಿಮೀಟರ್‌ಗಿಂತ ಕಡಿಮೆ ಬೇಡ, ಏಕೆಂದರೆ ಫೈನ್‌ನಲ್ಲಿ ಒಂದು ಚುಕ್ಕಿಯೇ ಸುಮಾರು 0.12 ಮಿಲಿಮೀಟರ್. ಸ್ಕ್ಯಾನ್ ಮಾಡಿದ ಕಾಗದವಾದರೆ ಗ್ರೇಸ್ಕೇಲ್ ಬಿಟ್ಟು ಕಪ್ಪು-ಬಿಳುಪು ಆರಿಸಿ.

ತುರ್ತಿದ್ದರೆ ಮೂರು ಪುಟವನ್ನು ಮೂರು ಕರೆಗಳಲ್ಲಿ ಕಳಿಸಿ, ಪ್ರತಿ ಪುಟದ ಮೇಲೆ 1/3, 2/3 ಎಂದು ಬರೆದು. ಒಂದು ಪುಟವೂ ಹೋಗದ ಸ್ಥಿತಿಯಿದ್ದರೆ ಮಾತ್ರ ಇಮೇಲ್‌ನಿಂದ ಫ್ಯಾಕ್ಸ್ ಕಳಿಸುವ ಸೇವೆ ನೋಡಿ.

ಉತ್ತರ 4: ಮೀಟರ್_ರೀಡಿಂಗ್

ಲಾಗರ್ ಬಗ್ಗೆ ಯಾರೂ ಹೇಳಿಲ್ಲ, ಹಾಗಾಗಿ ನಾನು ಬರೆಯುತ್ತೇನೆ. 56ಕೆ ಎಂಬುದನ್ನು ಮರೆತುಬಿಡಿ. ಆ ವೇಗ ಸಿಗುವುದು ಒಂದು ತುದಿ ನೇರ ಡಿಜಿಟಲ್ ಆಗಿ ಎಕ್ಸ್‌ಚೇಂಜ್‌ಗೆ ಸೇರಿದ್ದಾಗ, ಅಂದರೆ ಇಂಟರ್ನೆಟ್ ಕಂಪನಿಯ ಕಡೆಯಿಂದ ನಿಮ್ಮ ಕಡೆಗೆ ಮಾತ್ರ. ಎರಡು ಮಾಮೂಲಿ ಮೋಡೆಮ್‌ಗಳ ನಡುವೆ 33600 ಮಿತಿ. ನಿಮ್ಮದು 31200ಕ್ಕೆ ಹಿಡಿದದ್ದು ಚೆನ್ನಾಗಿಯೇ ಹಿಡಿದಿದೆ, ಆದರೆ ಅದೇ ಮುಳುವು. ಆ ವೇಗಕ್ಕೆ ಲೈನ್ ತುಂಬ ನಿಖರವಾಗಿರಬೇಕು. ಜಿಟರ್ ಬಫರ್ ಒಮ್ಮೆ ಜಾರಿದರೂ ಮೋಡೆಮ್‌ಗಳು ಮತ್ತೆ ತಾಳ ಹೊಂದಿಸಲು ಹೋಗುತ್ತವೆ, ಆಗದಿದ್ದರೆ ನೋ ಕ್ಯಾರಿಯರ್.

ಲಾಗರ್‌ನಿಂದ ಬರುವುದು ಕೆಲವೇ ಕಿಲೋಬೈಟ್. ಎಟಿ+ಎಂಎಸ್=ವಿ32ಬಿ,1,4800,9600 ಕೊಟ್ಟು 9600ಕ್ಕೆ ಕಟ್ಟಿಹಾಕಿ. ಅದೂ ಕಡಿದರೆ ವಿ22ಬಿ, ಅಂದರೆ 2400. ನಿಧಾನ ಅನ್ನಿಸಿದರೂ ಇಂಥ ಲೈನಿನಲ್ಲಿ ಗಟ್ಟಿಯಾಗಿ ನಿಲ್ಲುವುದು ಅದೇ. ಜೊತೆಗೆ ಎಟಿಎಸ್10=50. ಕ್ಯಾರಿಯರ್ ಹೋದರೂ 5 ಸೆಕೆಂಡ್ ಕಾಯುತ್ತದೆ, ಕ್ಷಣಿಕ ಅಡಚಣೆಗೆ ಕರೆ ಕಡಿಯುವುದಿಲ್ಲ.

ಲಾಗರ್ ಮಾಡ್‌ಬಸ್ ಆರ್‌ಟಿಯು ಎಂಬ ಸಂವಹನ ನಿಯಮದಲ್ಲಿ ಮಾತಾಡುವುದಾದರೆ ಇನ್ನೊಂದು ಬಲೆ ಇದೆ. ಅದರಲ್ಲಿ ಒಂದು ಸಂದೇಶ ಮುಗಿಯಿತು ಎಂದು ಗೊತ್ತಾಗುವುದು ಮೂರೂವರೆ ಅಕ್ಷರದಷ್ಟು ಮೌನದಿಂದ. ಮೋಡೆಮ್‌ನ ವಿ.42 ತಪ್ಪು ತಿದ್ದುವ ವ್ಯವಸ್ಥೆ ಅಕ್ಷರಗಳನ್ನು ಗುಂಪು ಮಾಡಿ ಕಳಿಸುವುದರಿಂದ ಸಂದೇಶದ ನಡುವೆಯೇ ಮೌನ ಬೀಳುತ್ತದೆ, ಲಾಗರ್ ಅರ್ಧ ಸಂದೇಶ ಎಂದು ಎಸೆದುಬಿಡುತ್ತದೆ. ಕನೆಕ್ಟ್ ಆಗಿದೆ, ಉತ್ತರ ಮಾತ್ರ ಇಲ್ಲ ಎನ್ನುವ ಸ್ಥಿತಿ ಇದರದ್ದೇ. ಎಟಿ\ಎನ್0 ಕೊಟ್ಟು ವಿ.42 ತೆಗೆಯಿರಿ. ಮಾಡ್‌ಬಸ್‌ಗೆ ಸಿಆರ್‌ಸಿ ಎಂಬ ತನ್ನದೇ ತಪ್ಪು ಹಿಡಿಯುವ ಲೆಕ್ಕ ಇದೆ, ತಪ್ಪು ಸಂದೇಶ ಅಲ್ಲೇ ಸಿಕ್ಕಿಬೀಳುತ್ತದೆ. ನಿಮ್ಮ ತಂತ್ರಾಂಶದ ಟೈಮ್‌ಔಟ್ ಅನ್ನು 3 ಸೆಕೆಂಡ್‌ಗೆ ಏರಿಸಿ.

ಶೆಡ್‌ನ ಮೋಡೆಮ್ ಅನ್ನು ಒಮ್ಮೆ ಲ್ಯಾಪ್‌ಟಾಪ್‌ಗೆ ಜೋಡಿಸಿ ಸಿದ್ಧ ಮಾಡಬೇಕು. ಎಸ್0=1 ಇದ್ದರೆ ಮೊದಲ ರಿಂಗ್‌ಗೆ ಎತ್ತುತ್ತದೆ. &ಡಿ0 ಇದ್ದರೆ ಲಾಗರ್ ಡಿಟಿಆರ್ (ನಾನು ಸಿದ್ಧ ಎಂಬ ಸಂಕೇತ) ಕೊಡದಿದ್ದರೂ ಕೆಲಸ ಮಾಡುತ್ತದೆ. ಟೈಪ್ ಮಾಡಿದ್ದನ್ನು ಮರಳಿ ಕಳಿಸದಿರಲು ಇ0, ಉತ್ತರದ ಪದಗಳನ್ನು ಕೊಡದಿರಲು ಕ್ಯೂ1, ಇವೆರಡನ್ನೂ ಮರೆಯಬೇಡಿ. ಇವಿಲ್ಲದಿದ್ದರೆ ರಿಂಗ್, ಕನೆಕ್ಟ್ ಎಂಬ ಪದಗಳು ಲಾಗರ್‌ನ ಕಿವಿಗೆ ಮಾಹಿತಿಯಾಗಿ ಬಿದ್ದು ಅದು ಗೊಂದಲಕ್ಕೆ ಬೀಳುತ್ತದೆ. ಲಾಗರ್‌ನ ಸೀರಿಯಲ್ ವೇಗದಲ್ಲೇ ಈ ಕಮಾಂಡ್‌ಗಳನ್ನು ಟೈಪ್ ಮಾಡಿ, ಏಕೆಂದರೆ ಕೊನೆಯ ಎಟಿ ಯಾವ ವೇಗದಲ್ಲಿ ಬಂತೋ ಅದನ್ನೇ ಮೋಡೆಮ್ ಹಿಡಿದುಕೊಳ್ಳುತ್ತದೆ. ಕ್ಯೂ1 ಆದ ಮೇಲೆ ಓಕೆ ಬರುವುದಿಲ್ಲ, ಗಾಬರಿ ಬೇಡ, ಎಲ್ಲವನ್ನೂ ಒಂದೇ ಸಾಲಿನಲ್ಲಿ ಕೊಡಿ: ಎಟಿಎಸ್0=1&ಡಿ0ಇ0ಕ್ಯೂ1&ಡಬ್ಲ್ಯೂ. ಕೊನೆಯ &ಡಬ್ಲ್ಯೂ ಉಳಿಸಿಡುವುದಕ್ಕೆ.

ಅಲ್ಲಿ ತಾಮ್ರದ ಲೈನ್ ಇರುವುದರಿಂದ ಮೋಡೆಮ್‌ಗೆ ಮೊದಲು ಅರ್ಥಿಂಗ್ ಇರುವ ಸರ್ಜ್ ಪ್ರೊಟೆಕ್ಟರ್ ಹಾಕಿ. ಮುಂಗಾರು ಪೂರ್ವದ ಸಿಡಿಲಿಗೆ ಮೊದಲು ಸುಡುವುದು ಮೋಡೆಮ್‌ನ ಲೈನ್ ಕಡೆಯ ಭಾಗ. ಲಾಗರ್‌ಗೂ ಮೋಡೆಮ್‌ಗೂ ನಡುವಿನ ಕೇಬಲ್ ನೇರದ್ದೋ ನಲ್ ಮೋಡೆಮ್‌ನದ್ದೋ (ಕಳಿಸುವ, ಪಡೆಯುವ ತಂತಿಗಳು ಅದಲುಬದಲಾದದ್ದು) ಎಂಬುದನ್ನು ಲಾಗರ್‌ನ ಕೈಪಿಡಿಯಲ್ಲಿ ನೋಡಿಕೊಂಡೇ ಹೋಗಿ. ಎಲ್ಲ ಆದ ಮೇಲೆ ಮೋಡೆಮ್‌ನ ಕರೆಂಟ್ ತೆಗೆದು ಒಂದು ನಿಮಿಷ ಬಿಟ್ಟು ಮತ್ತೆ ಹಾಕಿ, ಆಫೀಸಿನಿಂದ ಯಾರಾದರೂ ಡಯಲ್ ಮಾಡಿ ರೀಡಿಂಗ್ ಬಂತು ಎಂದ ಮೇಲೆಯೇ ಶೆಡ್‌ಗೆ ಬೀಗ ಹಾಕಿ.