ಬಿಸಿಲಿನ ತಲೆನೋವೋ, ಶಂಟ್ ತಲೆನೋವೋ?

ಪ್ರಶ್ನೆ (ಸಿಂಧನೂರಿನ ತಾಯಿ):
ಮಗನಿಗೆ ಈಗ ಏಳು ವರ್ಷ. ನಾಲ್ಕು ತಿಂಗಳ ಕೂಸಿದ್ದಾಗ ತಲೆಯಲ್ಲಿ ನೀರು ತುಂಬಿದೆ ಅಂತ ಶಂಟ್, ಅಂದರೆ ಆ ನೀರನ್ನು ಹೊಟ್ಟೆಗೆ ಇಳಿಸೋ ಟ್ಯೂಬ್, ಹಾಕಿದರು. ಇಲ್ಲಿವರೆಗೂ ಚೆನ್ನಾಗಿದ್ದ. ಈ ಬೇಸಿಗೆಯಲ್ಲಿ ಆಗಾಗ ತಲೆನೋವು ಅಂತಾನೆ. "ರಾಯಚೂರು ಸೀಮೆ ಬಿಸಿಲಿಗೆ ಯಾರಿಗೆ ತಲೆ ನೋಯಲ್ಲ?" ಅಂತಾರೆ ಮನೆಯವರು. ಹೇಗೆ ಗುರುತಿಸೋದು?

ಉತ್ತರ (ಬಳ್ಳಾರಿಯಿಂದ, ವಯಸ್ಸು 29):
ಅಕ್ಕಾ, ನನಗೂ ಐದನೇ ತಿಂಗಳಿಗೇ ಶಂಟ್ ಹಾಕಿದರು. ಬಲಗಿವಿ ಹಿಂದೆ ಹುಣಸೆ ಬೀಜದಷ್ಟು ಉಬ್ಬಿದೆ, ಅದೇ ವಾಲ್ವ್. ಕುತ್ತಿಗೆ ಎಡಕ್ಕೆ ತಿರುಗಿಸಿದರೆ ಚರ್ಮದ ಕೆಳಗೆ ಟ್ಯೂಬ್ ದಾರದಂತೆ ಎದ್ದು ಕಾಣುತ್ತದೆ. ಅಲ್ಲಿಂದ ಹೊಟ್ಟೆಯೊಳಗೆ ಇಳಿದಿದೆ. ಅವ್ವ ಜಡೆ ಹಾಕುವಾಗ ಬಾಚಣಿಗೆ ಆ ಉಬ್ಬಿನ ಹತ್ತಿರ ಬಂದರೆ ಸಾಕು, ಕೈ ಹಗುರ ಮಾಡುತ್ತಿದ್ದಳು.

ಏಳನೇ ಕ್ಲಾಸಿನಲ್ಲಿ ನನಗೂ ಬೇಸಿಗೆಯಲ್ಲೇ ಶುರುವಾಯ್ತು. ಪಿತ್ತ ಅಂದುಕೊಂಡು ಎರಡು ದಿನ ನಿಂಬೆ ಶರಬತ್ತು ಕುಡಿಸಿದರು. ಅವರ ತಪ್ಪಲ್ಲ, ಯಾರೂ ಹೇಳಿರಲಿಲ್ಲ. ಆದರೆ ನನ್ನ ನೋವು ಬಿಸಿಲೇರುವ ಮೊದಲೇ, ಹಾಸಿಗೆಯಲ್ಲೇ ಇರುತ್ತಿತ್ತು. ಎದ್ದ ಕೂಡಲೇ ವಾಂತಿ. ಮೂರನೇ ದಿನ ಮಗ್ಗಿ ಹೇಳುತ್ತಾ ಹೇಳುತ್ತಾ ಮಲಗಿಬಿಟ್ಟೆ, ಎಬ್ಬಿಸಿದರೂ ಏಳಲಿಲ್ಲ. ಟ್ಯೂಬ್ ಕಟ್ಟಿಕೊಂಡಿತ್ತು. ರಾತ್ರೋರಾತ್ರಿ ಬೆಂಗಳೂರಿಗೆ ಒಯ್ದು ಬದಲಾಯಿಸಿದರು.

ಅದಕ್ಕೇ ಹೇಳೋದು, ನೋವು ಯಾವ ಹೊತ್ತಿಗೆ ಬರುತ್ತೆ ಅಂತ ಬರೆದಿಡಿ. ದಿನದಿಂದ ದಿನಕ್ಕೆ ಜಾಸ್ತಿಯಾದರೆ, ವಾಂತಿ, ಮಂಪರು, ಎರಡೆರಡು ಕಾಣೋದು ಇದ್ದರೆ ಮರುದಿನಕ್ಕೆ ಬಿಡಬೇಡಿ. ಜ್ವರ ಬಂದು ಟ್ಯೂಬ್ ದಾರಿ ಕೆಂಪಾದರೂ ಅಷ್ಟೇ. ದೊಡ್ಡವರ ಮೆದುಳಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್ ನೀರು ಊರುತ್ತದಂತೆ. ದಾರಿ ಕಟ್ಟಿದರೆ ಅದು ಎಲ್ಲಿಗೆ ಹೋಗಬೇಕು ಹೇಳಿ?

ಉತ್ತರ (ಗಂಗಾವತಿಯ ತಂದೆ):
ಚೆನ್ನಾಗಿದ್ದಾಗ ತೆಗೆಸಿದ ಸ್ಕ್ಯಾನ್ ಒಂದು ಕೈಯಲ್ಲಿರಲಿ ರೀ. ಮಗಳಿಗೆ ಶಂಟ್ ಸರಿ ಇದ್ದಾಗಲೂ ನೀರಿನ ಜಾಗ ದೊಡ್ಡದಾಗೇ ಕಾಣುತ್ತದೆ. ಹಳೇದನ್ನು ಪಕ್ಕದಲ್ಲಿಟ್ಟರೇ ಡಾಕ್ಟರಿಗೆ ವ್ಯತ್ಯಾಸ ಗೊತ್ತಾಗೋದು. ವಾಲ್ವ್ ಯಾವುದು ಅಂತಲೂ ಬರೆಸಿಕೊಳ್ಳಿ. ಹೊರಗಿನಿಂದ ಒತ್ತಡ ಹೊಂದಿಸುವಂಥದ್ದಾದರೆ ಎಂಆರ್‌ಐ ಆದಮೇಲೆ ಸೆಟ್ಟಿಂಗ್ ನೋಡಿಸಬೇಕು.

ಸಿಂಧನೂರಿನ ತಾಯಿ:
ಇವತ್ತು ಹಾಸಿಗೆಯಲ್ಲಿದ್ದಾಗಲೇ ಕೇಳಿದೆ, ನೋವಿಲ್ಲ ಅಂದ. ಮಧ್ಯಾಹ್ನ ಕ್ರಿಕೆಟ್ ಆಡಿ ಬಂದ ಮೇಲೆ ಮಾತ್ರ ಅಂತೆ. ಆದರೂ ಹಳೇ ಫೈಲು ಟ್ರಂಕಿನಿಂದ ತೆಗೆದಿದ್ದೀನಿ. ನಾಳೆ ಡಾಕ್ಟರಿಗೆ ತೋರಿಸ್ತೀನಿ.