ಗ್ರೂಪಲ್ಲಿ ತಿಳಿದವರೇ ಸುಮ್ಮನಾಗಿದ್ದಾರೆ, ಏನು ಮಾಡಲಿ?

ಪ್ರಶ್ನೆ (ಶಿಡ್ಲಘಟ್ಟ ಕಡೆಯ ರೈತ): ಮೇಡಂ, ಆನ್‌ಲೈನ್ ಗುಂಪುಗಳನ್ನು ನೋಡಿಕೊಳ್ಳುವುದೇ ನಿಮ್ಮ ಕೆಲಸವಂತೆ, ಅದಕ್ಕೇ ಕೇಳುತ್ತಿದ್ದೇನೆ. ಮೂರು ವರ್ಷದ ಹಿಂದೆ ರೇಷ್ಮೆ ಬೆಳೆಗಾರರಿಗೆ ಅಂತ ವಾಟ್ಸಾಪ್ ಗ್ರೂಪ್ ಮಾಡಿದೆ. ಈಗ 430 ಜನ. ಮೊದಲು ಗೂಡಿನ ರೇಟು, ಚಾಕಿ ಹುಳು (ಎಳೆಯ ರೇಷ್ಮೆ ಹುಳು), ಹಿಪ್ಪುನೇರಳೆ ಸೊಪ್ಪು ಇದೇ ಮಾತು. ಈಗ ಬೆಳಗಾದರೆ ಗುಡ್ ಮಾರ್ನಿಂಗ್ ಹೂವು, ರಾಜಕೀಯ, ಸಾಲದ ಆಪ್ ಲಿಂಕು. ಹೋದ ವಾರ ಒಬ್ಬ ಬೆಳೆಗಾರ, ಒಬ್ಬ ರೀಲರ್ (ಗೂಡು ಕೊಂಡು ನೂಲು ತೆಗೆಯುವವರು) ಗೂಡಿನ ತೂಕದ ವಿಷಯಕ್ಕೆ ಬೈದಾಡಿಕೊಂಡರು. ಸಾಕಾಗಿ, ಅಡ್ಮಿನ್ ಮಾತ್ರ ಬರೆಯುವ ಹಾಗೆ ಮಾಡಿಬಿಟ್ಟೆ. ಸರಿನಾ?

ಉತ್ತರ: ಜಗಳ ಆರುವ ತನಕ ಎರಡು ದಿನ ಇರಲಿ. ಹಾಗೇ ಬಿಟ್ಟರೆ ಪಂಚಾಯಿತಿ ನೋಟಿಸ್ ಬೋರ್ಡ್ ಆಗುತ್ತದೆ. ಮೊದಲು ಚೆನ್ನಾಗಿ ಉತ್ತರ ಕೊಡುತ್ತಿದ್ದವರು ಈಗಲೂ ಬರೆಯುತ್ತಾರಾ?

ಪ್ರಶ್ನೆ: ಇಬ್ಬರು ಹಿರಿಯರಿದ್ದರು. ಹುಳುವಿನ ಫೋಟೊ ಹಾಕಿದರೆ ಯಾವ ರೋಗ, ಸುಣ್ಣಕಟ್ಟೋ ಹಾಲುತೊಂಡೆಯೋ ಹೇಳಿಬಿಡುತ್ತಿದ್ದರು. ಐದಾರು ತಿಂಗಳಿಂದ ಮಾತೇ ಇಲ್ಲ.

ಉತ್ತರ: ಗ್ರೂಪಿನ ರೋಗ ಇರುವುದೇ ಅಲ್ಲಿ. ಕೂಗಾಡುವ ಹತ್ತು ಜನ ಎಲ್ಲರ ಕಣ್ಣಿಗೂ ಬೀಳುತ್ತಾರೆ, ಸುಮ್ಮನಾದ ಇಬ್ಬರು ಬೀಳುವುದಿಲ್ಲ. ಇವತ್ತೇ ಅವರಿಗೆ ಫೋನ್ ಮಾಡಿ. ಯಾಕೆ ಬಿಟ್ಟಿರಿ ಅಂತ ಕೇಳಿ, ಸಮಜಾಯಿಷಿ ಕೊಡಲು ಹೋಗಬೇಡಿ.

ರೂಲ್ಸ್ ಮೂರೋ ನಾಲ್ಕೋ ಸಾಕು, ಆದರೆ ಕಾರಣ ಬರೆಯಿರಿ. 'ಶಿಸ್ತು ಕಾಪಾಡಿ' ಅಂದರೆ ಯಾರಿಗೂ ನಾಟುವುದಿಲ್ಲ. 'ಔಷಧಿ ಫಾರ್ವರ್ಡ್ ಬೇಡ, ಸೊಪ್ಪಲ್ಲಿ ವಿಷ ಉಳಿದರೆ ಇಡೀ ಬೆಳೆ ಹೋಗುತ್ತದೆ' ಅಂದರೆ ಹುಳು ಸಾಕುವವರಿಗೆ ತಕ್ಷಣ ತಿಳಿಯುತ್ತದೆ. ಎರಡು ಬಾಣದ ಗುರುತಿರುವ ಮೆಸೇಜು ಕನಿಷ್ಠ ಐದು ಕೈ ದಾಟಿ ಬಂದದ್ದು, ಬರೆದವರು ಯಾರೋ ಏನೋ. 2022ರಿಂದ ಅಡ್ಮಿನ್ ಯಾರ ಮೆಸೇಜನ್ನಾದರೂ ಎಲ್ಲರ ಫೋನಿನಿಂದ ಅಳಿಸಬಹುದು. ಅಳಿಸಿ, ಹಾಕಿದವರಿಗೆ ಪ್ರತ್ಯೇಕವಾಗಿ ಹೇಳಿ. 430 ಜನರೆದುರು ಬೈದರೆ ಮಾನದ ಪ್ರಶ್ನೆಯಾಗಿ ಇನ್ನೂ ಜಾಸ್ತಿ ಜಗಳ.

ಇನ್ನೊಬ್ಬ ಸದಸ್ಯರು (ಚಿಂತಾಮಣಿ): ಅಡ್ಮಿನ್ ಮೇಲೆ ಕೇಸ್ ಹಾಕುತ್ತಾರಂತಲ್ಲ ಮೇಡಂ? ಅದಕ್ಕೇ ಅಡ್ಮಿನ್ ಆಗಲು ನಾನು ಒಪ್ಪಿಲ್ಲ.

ಉತ್ತರ: ಬೇರೆಯವರು ಹಾಕಿದ್ದಕ್ಕೆ ಬರೀ ಅಡ್ಮಿನ್ ಅನ್ನುವ ಕಾರಣಕ್ಕೆ ಹೊಣೆ ಬರುವುದಿಲ್ಲ ಅಂತ ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ನೀವೂ ಅದರಲ್ಲಿ ಕೈಜೋಡಿಸಿದ್ದರೆ ಮಾತು ಬೇರೆ.

ಪ್ರಶ್ನೆ: ಮತ್ತೆ, ರೀಲರ್‌ಗಳನ್ನು ತೆಗೆದುಬಿಡಲಾ?

ಉತ್ತರ: ಬೇಡ. ಗೂಡು ಕೊಳ್ಳುವವರೇ ಇಲ್ಲದ ಮೇಲೆ ರೇಟಿನ ಮಾತು ಯಾರ ಜೊತೆ? ಒಬ್ಬ ರೀಲರನ್ನೂ ಅಡ್ಮಿನ್ ಮಾಡಿ. ತೂಕದ ತಕರಾರು ಮಾರುಕಟ್ಟೆಯಲ್ಲೇ ತೀರಲಿ.

ಪ್ರಶ್ನೆ (ಮೂರು ದಿನದ ಮೇಲೆ): ಫೋನ್ ಮಾಡಿದೆ ಮೇಡಂ. 'ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳುವಿನ ಬಗ್ಗೆ ಅರ್ಧ ಗಂಟೆ ಕೂತು ಬರೆದೆ ಕಣಪ್ಪ, ಕೆಳಗೇ ಹನ್ನೊಂದು ಗುಲಾಬಿ ಬಂದವು. ಯಾರು ಓದಿದರು?' ಅಂದರು ದೊಡ್ಡವರು. ಬೀಗ ತೆಗೆದೆ. ಗುಡ್ ಮಾರ್ನಿಂಗಿಗೆ ಬೇರೆ ಗ್ರೂಪ್ ಮಾಡಿಕೊಟ್ಟೆ. ಒಂದೇ ದಿನಕ್ಕೆ 60 ಜನ ಸೇರಿದರು. ನಮ್ಮಪ್ಪನೂ ಅಲ್ಲೇ ಇದ್ದಾರೆ.