ಪದಚರ್ಚೆ: ಸದನ ಸಮಿತಿ ‘ಸಾಕ್ಷಿ ನೋಂದಾಯಿಸಿತು’ ಎನ್ನಬಹುದೇ?

ಪ್ರಶ್ನೆ (ಡೊಂಬಿವಲಿ, ಮುಂಬೈ):
ವಿಧಾನ ಭವನದ ಸುದ್ದಿಗಳನ್ನು ಮರಾಠಿಯಿಂದ ತರುವಾಗ ‘ಸಾಕ್ಷ ನೋಂದವಣೆ’ ಎಂಬುದನ್ನು ಇಲ್ಲಿನ ನಮ್ಮವರು ‘ಸಾಕ್ಷಿ ನೋಂದಾಯಿಸುವುದು’ ಎಂದೂ, ‘ಹಕ್ಕಭಂಗ’ವನ್ನು (ಸದನದ ವಿಶೇಷ ಹಕ್ಕಿಗೆ ಧಕ್ಕೆ) ‘ಹಕ್ಕುಭಂಗ’ ಎಂದೂ ಬರೆಯುತ್ತಾರೆ. ಊರ ಕಡೆಯ ಓದುಗರಿಗೆ ಅರ್ಥವಾದೀತೇ? ಸಮಿತಿ ಕರೆಸಿದವರನ್ನು ‘ವಿಚಾರಣೆಗೆ ಒಳಪಡಿಸಿತು’ ಎನ್ನಬಹುದೇ? ಬಲ್ಲವರು ತಿಳಿಸಿ.

ಉತ್ತರ (ಪುಣೆ):
‘ನೋಂದಾಯಿಸು’ ಬೇಡ. ಕನ್ನಡದಲ್ಲಿ ನೋಂದಣಿಯಾಗುವುದು ಜಮೀನು, ಮದುವೆ, ವಾಹನ. ಹೇಳಿಕೆ ದಾಖಲಾಗುತ್ತದೆ, ‘ಸಾಕ್ಷ್ಯ ದಾಖಲಿಸಿಕೊಂಡಿತು’ ಎನ್ನಿ. ಮರಾಠಿಯಲ್ಲಿ ಸಾಕ್ಷೀದಾರ ಬೇರೆ, ಸಾಕ್ಷ ಬೇರೆ. ನಮ್ಮ ಆಡುಮಾತಿನಲ್ಲಿ ಎರಡಕ್ಕೂ ‘ಸಾಕ್ಷಿ’ಯೇ ನಡೆಯುವುದರಿಂದ ಬರಹದಲ್ಲಾದರೂ ಮನುಷ್ಯನಿಗೆ ಸಾಕ್ಷಿ, ಅವನ ಹೇಳಿಕೆಗೂ ದಾಖಲೆಗೂ ಸಾಕ್ಷ್ಯ ಎಂದು ಬೇರ್ಪಡಿಸಲೇಬೇಕು. ‘ಹಕ್ಕಭಂಗ’ಕ್ಕೆ ‘ಹಕ್ಕುಚ್ಯುತಿ’ ಎಂಬ ರೂಢಿಯ ಮಾತಿದೆ. ಮರಾಠಿಯಲ್ಲಿ ವಿಚಾರಣೆ ಎಂಬರ್ಥದ ‘ಚೌಕಶಿ’ಯನ್ನಂತೂ ಹಾಗೇ ಎತ್ತಿಕೊಳ್ಳಬೇಡಿ, ನಮ್ಮಲ್ಲಿ ಚೌಕಾಶಿ ಸಂತೆಯ ಮಾತು.

‘ವಿಚಾರಣೆ’ ಎಂದೊಡನೆ ಓದುಗರು ಕಟಕಟೆಯಲ್ಲಿ ನಿಂತ ಆರೋಪಿಯನ್ನು ಕಾಣುತ್ತಾರೆ. ಕರೆಬಂದವರು ಆರೋಪಿಗಳಲ್ಲ. ಸಂವಿಧಾನದ 7ನೇ ಅನುಸೂಚಿ, ರಾಜ್ಯಪಟ್ಟಿಯ 39ನೇ ನಮೂದು ನೋಡಿ: ಸಮಿತಿಗಳ ಮುಂದೆ ಸಾಕ್ಷ್ಯ ನುಡಿಯಲು, ದಾಖಲೆ ಒಪ್ಪಿಸಲು ಜನರ ಹಾಜರಿಯನ್ನು ಕಡ್ಡಾಯಗೊಳಿಸುವ ವಿಷಯ ಅಲ್ಲಿದೆ. ಇದರ ಜೊತೆಗೆ ರಾಜ್ಯ ಶಾಸಕಾಂಗಕ್ಕೆ 194(3)ನೇ ವಿಧಿಯ ವಿಶೇಷ ಹಕ್ಕುಗಳೂ ಇವೆ. ದೆಹಲಿ ವಿಧಾನಸಭೆಯ ಸಮಿತಿ ಫೇಸ್‌ಬುಕ್‌ನ ಅಜಿತ್ ಮೋಹನ್ ಅವರನ್ನು ಕರೆಸಿದಾಗ ಸುಪ್ರೀಂ ಕೋರ್ಟ್ 2021ರ ಜುಲೈನಲ್ಲಿ ಆ ಅಧಿಕಾರವನ್ನು ಎತ್ತಿಹಿಡಿಯಿತು. ಆದರೆ ಸಮಿತಿ ಪ್ರಾಸಿಕ್ಯೂಷನ್ (ಆರೋಪ ಹೊರಿಸಿ ಮೊಕದ್ದಮೆ ನಡೆಸುವ ಪಕ್ಷ) ಆಗುವಂತಿಲ್ಲ ಎಂದೂ ಹೇಳಿತು. ಹಾಗಾಗಿ ‘ಸಾಕ್ಷ್ಯ ನೀಡಲು ಕರೆಸಿತು’, ‘ಹೇಳಿಕೆ ಪಡೆಯಿತು’ ಎಂಬಷ್ಟೇ ಸರಿ.

ಕರೆಸುವುದಕ್ಕೂ ಹಿಡಿದು ತರುವುದಕ್ಕೂ ಇರುವ ಅಂತರವೂ ಸುದ್ದಿಯಲ್ಲಿ ಉಳಿಯಬೇಕು. 1952ರಲ್ಲಿ ‘ಬ್ಲಿಟ್ಜ್’ ಪತ್ರಿಕೆಯ ಹೋಮಿ ಮಿಸ್ತ್ರಿಯವರನ್ನು ಉತ್ತರ ಪ್ರದೇಶ ವಿಧಾನಸಭೆಯ ಸ್ಪೀಕರ್ ವಾರಂಟಿನ ಮೇಲೆ ಮುಂಬೈಯಲ್ಲೇ ಬಂಧಿಸಿ ಲಖನೌಗೆ ಒಯ್ದರು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸದ ಕಾರಣ ಸುಪ್ರೀಂ ಕೋರ್ಟ್ ಬಿಡುಗಡೆಗೆ ಆದೇಶಿಸಿತು. ಅದು ಹಕ್ಕುಚ್ಯುತಿಯ ಪ್ರಕರಣ. ‘ಸಾಕ್ಷ್ಯಕ್ಕೆ ಕರೆಸಿದರು’ ಎಂದು ಬರೆದರೆ ಪೂರ್ತಿ ತಪ್ಪಾಗುತ್ತದೆ.

‘ಸಮಿತಿ ಏನು ಕೇಳಿದರೂ ಕೊಡಲೇಬೇಕು’ ಎಂಬ ವಾಕ್ಯವೂ ಆಗಾಗ ಕಾಣುತ್ತದೆ. ಲೋಕಸಭೆಯ 270ನೇ ನಿಯಮದ ಪ್ರಕಾರ ಕೇಳಿದ ಸಾಕ್ಷ್ಯ ಪ್ರಸ್ತುತವೇ ಎಂಬ ತಕರಾರು ಎದ್ದರೆ ಸ್ಪೀಕರ್ ತೀರ್ಮಾನವೇ ಅಂತಿಮ. ದೇಶದ ಸುರಕ್ಷತೆ ಅಥವಾ ಹಿತಕ್ಕೆ ಧಕ್ಕೆ ಎನಿಸಿದರೆ ಸರ್ಕಾರ ದಾಖಲೆ ನಿರಾಕರಿಸಬಹುದು. ರಾಜ್ಯದ ಸುದ್ದಿಯಾದರೆ ಆ ಸದನದ ನಿಯಮಾವಳಿಯನ್ನೇ ತೆರೆದು ನೋಡಿ ಬರೆಯಿರಿ.

ಸೇರ್ಪಡೆ (ಮಡಗಾಂವ್):
ಗೋವೆಯ ಪತ್ರಿಕೆಗಳ ‘ಸಭಾಪತಿ’ಯನ್ನೂ ಹಾಗೇ ಇಳಿಸಬೇಡಿ. ಇಲ್ಲಿ ವಿಧಾನ ಪರಿಷತ್ತಿಲ್ಲ; ವಿಧಾನಸಭೆಯ ಸ್ಪೀಕರನ್ನೇ ಸಭಾಪತಿ ಅನ್ನುತ್ತಾರೆ. ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಸಭಾಪತಿ ಎಂದರೆ ಪರಿಷತ್ತಿನ ಮುಖ್ಯಸ್ಥರು. ಗೋವೆಯ ಸುದ್ದಿಗೆ ‘ಸ್ಪೀಕರ್’ ಅಥವಾ ‘ಸಭಾಧ್ಯಕ್ಷ’ ಎಂದೇ ಬರೆಯಿರಿ.